ರಾಸಾಯನಿಕ ಸೇರಿದ ಹೂಳು: ಶುದ್ಧೀಕರಣದ ದಾರಿಗಳನ್ನು ಹೋಲಿಸುವುದು ಹೇಗೆ?

ಕೆರೆ ಸಮಿತಿಯವರು, ಪರಿಸರ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಯೋಜನಾ ವರದಿ ಬರೆಯುವ ಎಂಜಿನಿಯರ್‌ಗಳು ವಿಷ ಸೇರಿದ ಹೂಳಿಗೆ ಶುದ್ಧೀಕರಣದ ದಾರಿ ಆರಿಸುವಾಗ ಒಂದೇ ಜಾಗದಲ್ಲಿ ಎಡವುತ್ತಾರೆ. ಎಡಗಡೆ ತಂತ್ರಜ್ಞಾನಗಳ ಹೆಸರು ಬರೆಯುತ್ತಾರೆ. ಬಲಗಡೆ ಎರಡು ಕಾಲಂ: ವಿಷ ಶೇಕಡಾ ಎಷ್ಟು ಕಡಿಮೆಯಾಗುತ್ತದೆ, ಟನ್‌ಗೆ ಎಷ್ಟು ಖರ್ಚು. ಖರ್ಚು ಕಡಿಮೆ, ಶೇಕಡಾ ಜಾಸ್ತಿ ಇದ್ದದ್ದಕ್ಕೆ ಟಿಕ್ ಹಾಕುತ್ತಾರೆ. ಆ ಪಟ್ಟಿಯನ್ನು ನಂಬಿ ಕೆಲಸ ಶುರು ಮಾಡಿದರೆ ಅರ್ಧ ದಾರಿಯಲ್ಲಿ ದುಡ್ಡು ಮುಗಿಯುತ್ತದೆ, ವಿಷ ಮಾತ್ರ ಜಾಗ ಬದಲಾಯಿಸಿರುತ್ತದೆ.

ಕಾರಣ ಸರಳ. ಯಾವ ತಂತ್ರಜ್ಞಾನವೂ ಒಂಟಿಯಾಗಿ ಹೂಳನ್ನು ಶುದ್ಧ ಮಾಡುವುದಿಲ್ಲ. ಎತ್ತಬೇಕು, ನೀರು ಬಸಿಯಬೇಕು, ಸಾಗಿಸಬೇಕು, ಸಂಸ್ಕರಿಸಬೇಕು, ಉಳಿದದ್ದನ್ನು ಎಲ್ಲಾದರೂ ಇಡಬೇಕು. ಇದೆಲ್ಲ ಸೇರಿ ಒಂದು ಸರಪಳಿ. ಹೋಲಿಕೆ ನಡೆಯಬೇಕಾದ್ದು ಇಡೀ ಸರಪಳಿಗಳ ನಡುವೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

## ಮೊದಲು ಏನೇನು ಬೇಕು

ದೋಣಿ, ಜಿಪಿಎಸ್, ಆಳ ನೋಡುವ ಗಳ. ಮೇಲ್ಪದರದ ಮಾದರಿಗೆ ಗ್ರ್ಯಾಬ್ ಸ್ಯಾಂಪ್ಲರ್. ಆಳದ ಮಾದರಿಗೆ ಕೋರ್ ಕೊಳವೆ, ಅಂದರೆ ಹೂಳಿನೊಳಗೆ ನೇರವಾಗಿ ಇಳಿಸಿ ಪದರಗಳು ಕಲಸದಂತೆ ಮೇಲೆತ್ತುವ ಪೈಪು. ಲೋಹಗಳ ಪರೀಕ್ಷೆಗೆ ಪ್ಲಾಸ್ಟಿಕ್ ಡಬ್ಬ, ಪಾದರಸ ಮತ್ತು ಸಾವಯವ (ಅಂದರೆ ಇಂಗಾಲ ಆಧಾರಿತ) ರಾಸಾಯನಿಕಗಳಿಗೆ ಗಾಜಿನ ಬಾಟಲಿ. ಐಸ್ ಪೆಟ್ಟಿಗೆ, ಆಮ್ಲ-ಕ್ಷಾರ ಅಳೆಯುವ ಪಿಎಚ್ ಮೀಟರ್. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯ. ಕೊನೆಗೆ ಒಂದು ಸ್ಪ್ರೆಡ್‌ಶೀಟ್.

ಎಕ್ಸ್-ರೇ ಬಿಟ್ಟು ಲೋಹ ಗುರುತಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಸಿಕ್ಕರೆ ಲೋಹಗಳನ್ನು ಸ್ಥಳದಲ್ಲೇ ಬೇಗ ನೋಡಬಹುದು. ಆದರೆ ಒದ್ದೆ ಹೂಳಿನ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಒಣಗಿಸಿ, ಪುಡಿ ಮಾಡಿ ನೋಡಿ.

## ಹಂತ 1: ಮೂಲ ನಿಂತಿದೆಯಾ?

ಕಾರ್ಖಾನೆಯ ಕೊಳವೆ, ಒಳಚರಂಡಿ, ಬಣ್ಣದ ಘಟಕ, ಪ್ಲೇಟಿಂಗ್ ಅಂಗಡಿ ಇನ್ನೂ ಹರಿಸುತ್ತಲೇ ಇದ್ದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿ. ಮೂಲ ನಿಲ್ಲದೆ ಹೂಳೆತ್ತಿದರೆ ಕೆರೆ ಮತ್ತೆ ತುಂಬುತ್ತದೆ. ಮುಚ್ಚಿಗೆ ಹಾಕಿದರೆ, ಅಂದರೆ ಹೂಳಿನ ಮೇಲೆ ಮರಳು ಹೊದಿಸಿದರೆ, ಅದರ ಮೇಲೇ ಹೊಸ ವಿಷ ಕೂರುತ್ತದೆ.

ಒಳಹರಿವಿನ ಬಾಯಲ್ಲಿ ಪಾತ್ರೆ ಇಟ್ಟು, ಹೊಸದಾಗಿ ಬಂದು ಕೂರುವ ಹೂಳನ್ನು ಹಿಡಿದು ಪರೀಕ್ಷಿಸಿ. ಅದರಲ್ಲಿನ ಪ್ರಮಾಣ ಕೆರೆಯ ಮೇಲ್ಪದರದಷ್ಟೇ ಇದ್ದರೆ ಮೂಲ ಇನ್ನೂ ಜೀವಂತ ಎಂದರ್ಥ.

## ಹಂತ 2: ಹೂಳನ್ನು ಪದರ ಪದರವಾಗಿ ಓದಿ

ಬರೀ ಮೇಲಿನ ಮಣ್ಣು ಕೆರೆದು ತಂದು ಪರೀಕ್ಷೆ ಮಾಡಿಸುವುದೇ ಅತಿ ಹೆಚ್ಚು ಕಾಣುವ ತಪ್ಪು. ಹಳೆಯ ವಿಷ ಸಾಮಾನ್ಯವಾಗಿ ಕೆಳಗಿರುತ್ತದೆ. ಕೋರ್ ಕೊಳವೆಯನ್ನು ಕೆರೆಯ ಮೂಲ ಜೇಡಿ ಮಣ್ಣು ಸಿಗುವ ತನಕ ಇಳಿಸಿ. ಮೇಲೆತ್ತಿದ ಕೋರನ್ನು 10ರಿಂದ 15 ಸೆಂಟಿಮೀಟರ್ ತುಂಡು ಮಾಡಿ, ಪ್ರತಿ ತುಂಡನ್ನೂ ಬೇರೆಯಾಗಿ ಪರೀಕ್ಷಿಸಿ.

ಕೊಳವೆ ಅರ್ಧಕ್ಕೇ ನಿಂತರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಹಡ್ಸನ್ ನದಿಯನ್ನು ನೋಡಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳಿಂದ 1947ರಿಂದ 1977ರ ತನಕ ಪಿಸಿಬಿ ಎನ್ನುವ ರಾಸಾಯನಿಕಗಳು ಆ ನದಿ ಸೇರಿದ್ದವು. 2009ರಲ್ಲಿ ಹೂಳೆತ್ತಲು ಶುರು ಮಾಡಿದಾಗ ವಿಷ ಲೆಕ್ಕ ಹಾಕಿದ್ದಕ್ಕಿಂತ ಆಳಕ್ಕೆ ಇಳಿದಿತ್ತು. ಹಿಂದಿನ ಕಾಲದ ಮರದ ಕಾರ್ಖಾನೆಗಳ ಚೂರು, ದಿಮ್ಮಿ ನದಿಯ ತಳದಲ್ಲಿ ಹೂತಿದ್ದವು. ಹಲವು ಕಡೆ ಕೊಳವೆ ಅವಕ್ಕೆ ತಾಗಿ ಪೂರ್ತಿ ಆಳಕ್ಕೆ ಹೋಗಿರಲಿಲ್ಲ. ಹಾಗಾಗಿ ಒಂದೇ ಜಾಗವನ್ನು ಮತ್ತೆ ಮತ್ತೆ ತೋಡಬೇಕಾಯಿತು, ಕೆಳಹರಿವಿಗೆ ಹೋದ ಪಿಸಿಬಿಯೂ ಜಾಸ್ತಿಯಾಯಿತು. 2010ರಲ್ಲಿ ತಜ್ಞರ ಪರಿಶೀಲನೆ ನಡೆದು, ಕ್ರಮ ಬದಲಾಯಿಸಿ, 2011ರಲ್ಲಿ ಎರಡನೇ ಹಂತ ಶುರುವಾಯಿತು. 2015ಕ್ಕೆ ಹೂಳೆತ್ತುವಿಕೆ ಮುಗಿಯುವಾಗ ತೆಗೆದದ್ದು ಸುಮಾರು 21 ಲಕ್ಷ ಘನ ಮೀಟರ್. ನಮ್ಮ ಕೆರೆಗಳಲ್ಲಿ ದಿಮ್ಮಿಯ ಜಾಗದಲ್ಲಿ ಕಟ್ಟಡದ ಡೆಬ್ರಿಸ್, ಪ್ಲಾಸ್ಟಿಕ್ ಗಂಟು, ಹಳೆ ಟೈರ್ ಇರುತ್ತವೆ. ಕೊಳವೆ ನಿಂತರೆ ಒಂದೆರಡು ಮೀಟರ್ ಪಕ್ಕಕ್ಕೆ ಸರಿದು ಮತ್ತೆ ಇಳಿಸಿ. ಅಲ್ಲೂ ನಿಂತರೆ ‘ತಳ ಸಿಕ್ಕಿಲ್ಲ’ ಎಂದು ದಾಖಲಿಸಿ. ಸಿಕ್ಕಷ್ಟನ್ನೇ ಪೂರ್ತಿ ಆಳ ಎಂದು ಬರೆಯಬೇಡಿ.

ಪ್ರಯೋಗಾಲಯಕ್ಕೆ ಒಟ್ಟು ಲೋಹ ಎಷ್ಟು ಎಂದಷ್ಟೇ ಕೇಳಿದರೆ ಸಾಲದು. ಇಷ್ಟನ್ನು ಸೇರಿಸಿ ಕೇಳಿ: ನೀರಿನಂಶ, 63 ಮೈಕ್ರಾನ್‌ಗಿಂತ ನುಣ್ಣಗಿನ ಕಣಗಳ ಪಾಲು, ಸಾವಯವ ಇಂಗಾಲ, ಸಲ್ಫೈಡ್ (ಗಂಧಕದ ಸಂಯುಕ್ತ), ಪಿಎಚ್, ಹೂಳಿನ ಸಂದಿಯಲ್ಲಿರುವ ನೀರಿನಲ್ಲಿ ಕರಗಿದ ವಿಷ, ಸೋರಿಕೆ ಪರೀಕ್ಷೆ (ಹೂಳಿನಿಂದ ಎಷ್ಟು ವಿಷ ನೀರಿಗೆ ಇಳಿಯುತ್ತದೆ ಎಂದು ನೋಡುವುದು). ಮುಂದಿನ ಆಯ್ಕೆಯೆಲ್ಲ ನಿಂತಿರುವುದು ಇವುಗಳ ಮೇಲೆ.

ಎಚ್ಚರಿಕೆ: ಕೆರೆಯ ತಳದಲ್ಲಿ ಗಾಳಿ ಇರುವುದಿಲ್ಲ. ಅಲ್ಲಿ ಸೀಸ, ಕ್ಯಾಡ್ಮಿಯಂ, ಸತುವು ಸಲ್ಫೈಡ್ ಜೊತೆ ಅಂಟಿಕೊಂಡು ಸುಮ್ಮನಿರುತ್ತವೆ. ಮಾದರಿಗೆ ಗಾಳಿ ತಾಗಿದರೆ ಸಲ್ಫೈಡ್ ಒಡೆದು ಆಮ್ಲವಾಗುತ್ತದೆ, ಲೋಹ ಬಿಡುಗಡೆಯಾಗುತ್ತದೆ. ಡಬ್ಬವನ್ನು ಬಾಯಿಮಟ್ಟ ತುಂಬಿ, ಮುಚ್ಚಿ, 4 ಡಿಗ್ರಿ ತಂಪಿನಲ್ಲಿ ಇಟ್ಟು ಕಳಿಸಿ. ಕಪ್ಪಗೆ ಹೋದ ಮಾದರಿ ಲ್ಯಾಬ್ ಸೇರುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಫಲಿತಾಂಶದ ಮೇಲೆ ನಿರ್ಧಾರ ಮಾಡಬೇಡಿ.

## ಹಂತ 3: ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಕೆರೆ ಶುದ್ಧವಾಗಬೇಕು’ ಎನ್ನುವುದು ಆಸೆ. ಗುರಿ ಎಂದರೆ ಅಳೆಯಲು ಬರಬೇಕು. ಯಾರನ್ನು ಕಾಪಾಡುತ್ತಿದ್ದೇವೆ? ಮೀನು ತಿನ್ನುವವರನ್ನೋ, ಕೆರೆ ಪಕ್ಕದ ಬೋರ್‌ವೆಲ್ ನೀರು ಕುಡಿಯುವವರನ್ನೋ, ಕೆಳಗಡೆ ಸೊಪ್ಪು ಬೆಳೆಯುವವರನ್ನೋ? ಉತ್ತರ ಬದಲಾದರೆ ಗೆಲ್ಲುವ ತಂತ್ರಜ್ಞಾನವೂ ಬದಲಾಗುತ್ತದೆ.

ಜಪಾನಿನ ಮಿನಾಮಟ ಕೊಲ್ಲಿಯಲ್ಲಿ ಚಿಸ್ಸೋ ಕಾರ್ಖಾನೆಯ ಪಾದರಸ ಮೀನಿನ ಮೂಲಕ ಜನರ ಮೈ ಸೇರಿತ್ತು. 1956ರಲ್ಲಿ ರೋಗ ಅಧಿಕೃತವಾಗಿ ಗುರುತಾಯಿತು. ಶುದ್ಧೀಕರಣಕ್ಕೆ ಇಟ್ಟ ಗಡಿ ಸ್ಪಷ್ಟವಾಗಿತ್ತು: ಕೆಜಿಗೆ 25 ಮಿಲಿಗ್ರಾಂಗಿಂತ ಹೆಚ್ಚು ಪಾದರಸ ಇರುವ ಹೂಳಿಗೆಲ್ಲ ಕೆಲಸ ಆಗಬೇಕು. 1977ರಿಂದ 1990ರ ತನಕ ಕೆಲಸ ನಡೆಯಿತು. ಸುಮಾರು 15 ಲಕ್ಷ ಘನ ಮೀಟರ್ ಹೂಳಿನ ವ್ಯವಸ್ಥೆಯಾಗಿ, 58 ಹೆಕ್ಟೇರ್ ಹೊಸ ನೆಲ ಎದ್ದಿತು. ಪಾದರಸ ನಾಶವಾಗಲಿಲ್ಲ, ಇವತ್ತಿಗೂ ಆ ನೆಲದ ಕೆಳಗೇ ಇದೆ. ಮೀನಿಗೆ ಸಿಗದಂತೆ ಮಾಡುವುದು ಗುರಿಯಾಗಿತ್ತು, ಅದಕ್ಕೆ ತಕ್ಕ ದಾರಿ ಆರಿಸಿದರು.

## ಹಂತ 4: ಹೂಳು ಕೊನೆಗೆ ಎಲ್ಲಿಗೆ ಹೋಗುತ್ತದೆ?

ಇದನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ನಾನು ಇದನ್ನು ತಂತ್ರಜ್ಞಾನದ ಪಟ್ಟಿಗಿಂತ ಮೊದಲೇ ಇಡುತ್ತೇನೆ. ಇಡಲು ಜಾಗವಿಲ್ಲದ ಸರಪಳಿಯನ್ನು ಹೋಲಿಸಿ ಪ್ರಯೋಜನವಿಲ್ಲ.

ನಮ್ಮಲ್ಲಿ ಕೆರೆ ಗೋಡನ್ನು ಹೊಲಕ್ಕೆ ಹೊಡೆಯುವುದು ಒಳ್ಳೆಯ ಹಳೆ ರೂಢಿ. ಹಳ್ಳಿಯ ಮಳೆನೀರಿನ ಕೆರೆಗೆ ಅದು ಸರಿ. ಆದರೆ ಬೆಳ್ಳಂದೂರು, ವರ್ತೂರಿನಂಥ ನಗರದ ಕೆರೆಗಳ ಹೂಳಿನಲ್ಲಿ ಭಾರಲೋಹಗಳಿರುವುದನ್ನು ಅಧ್ಯಯನಗಳು ತೋರಿಸಿವೆ. ಅಂಥ ಹೂಳನ್ನು ಪರೀಕ್ಷೆ ಇಲ್ಲದೆ ರೈತರ ಹೊಲಕ್ಕೆ ಕಳಿಸಲೇಬಾರದು. ಕ್ಯಾಡ್ಮಿಯಂ ಅನ್ನು ಸೊಪ್ಪು ಚೆನ್ನಾಗಿ ಹೀರಿಕೊಳ್ಳುತ್ತದೆ. ಗಿಡ ಹಸಿರಾಗಿಯೇ ಕಾಣುತ್ತದೆ, ನೋಡಿ ಗೊತ್ತಾಗುವುದಿಲ್ಲ.

ಭಾರತದಲ್ಲಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಎರಡನೇ ಅನುಸೂಚಿ ನೋಡಿ. ಟಿಸಿಎಲ್‌ಪಿ ಎಂಬ ಸೋರಿಕೆ ಪರೀಕ್ಷೆಯಲ್ಲಿ ಹೊರಬರುವ ಸೀಸ ಲೀಟರಿಗೆ 5 ಮಿಲಿಗ್ರಾಂ, ಕ್ಯಾಡ್ಮಿಯಂ 1, ಪಾದರಸ 0.2 ಮುಟ್ಟಿದರೆ ಅದು ಅಪಾಯಕಾರಿ ತ್ಯಾಜ್ಯ. ಆಗ ದಾಬಸ್‌ಪೇಟೆಯಲ್ಲಿ ಇರುವಂಥ ಪರವಾನಗಿ ಪಡೆದ ವಿಶೇಷ ಭೂಭರ್ತಿಗೇ ಹೋಗಬೇಕು. ಹಳೆ ಕಲ್ಲು ಕ್ವಾರಿಗೆ ಸುರಿಯುವಂತಿಲ್ಲ.

ಒಂದು ಗೊಂದಲ ಇಲ್ಲಿ ಪದೇ ಪದೇ ಆಗುತ್ತದೆ. ಟಿಸಿಎಲ್‌ಪಿ ಕಸದ ಭೂಭರ್ತಿಯ ಆಮ್ಲೀಯ ಪರಿಸ್ಥಿತಿಯನ್ನು ಅನುಕರಿಸುವ 18 ಗಂಟೆಯ ಪರೀಕ್ಷೆ. ಅದರಲ್ಲಿ ಪಾಸಾದ ಹೂಳು ಕೆರೆಯ ಮೀನಿಗೆ, ಹೊಲದ ಬೆಳೆಗೆ ಸುರಕ್ಷಿತ ಎಂದು ಅದು ಹೇಳುವುದಿಲ್ಲ.

## ಹಂತ 5: ಹೊಂದದ ಆಯ್ಕೆಗಳನ್ನು ಜರಡಿ ಹಿಡಿಯಿರಿ

ಈಗ ಮಾತ್ರ ತಂತ್ರಜ್ಞಾನಗಳ ಹೆಸರು ಬರೆಯಿರಿ. ಪ್ರತಿಯೊಂದಕ್ಕೂ ಎರಡು ಪ್ರಶ್ನೆ: ನಮ್ಮ ವಿಷದ ಮೇಲೆ ಇದು ಕೆಲಸ ಮಾಡುತ್ತದಾ? ನಮ್ಮ ಹೂಳಿನಲ್ಲಿ ಕೆಲಸ ಮಾಡುತ್ತದಾ?

ಹಾಗೇ ಬಿಟ್ಟು ನಿಗಾ ಇಡುವುದು. ಏನೂ ಮಾಡದಿರುವುದು ಎಂದು ಇದನ್ನು ತಳ್ಳಬೇಡಿ. ಶುದ್ಧ ಹೂಳು ಮೇಲೆ ಬಂದು ಕೂತು ಹಳೆಯದನ್ನು ಹೂಳುವ ಜಾಗದಲ್ಲಿ ಇದು ನಿಜವಾದ ಆಯ್ಕೆ. ಅಮೆರಿಕದ ವರ್ಜೀನಿಯಾದ ಜೇಮ್ಸ್ ನದಿಗೆ ಕೆಪೋನ್ ಕೀಟನಾಶಕ ಸೇರಿದ್ದು ಬಯಲಾದದ್ದು 1975ರಲ್ಲಿ. ತೆಗೆಯುವ ಖರ್ಚು ವಿಪರೀತ ಎಂದು ನದಿಯೇ ಹೂಳಲಿ ಅಂತ ಬಿಟ್ಟರು. ಹಾಗೆ ಬಿಟ್ಟದ್ದಕ್ಕೆ ಮೀನುಗಾರಿಕೆಗೆ ವರ್ಷಗಟ್ಟಲೆ ನಿರ್ಬಂಧ ಹಾಕಬೇಕಾಯಿತು. ಆ ವರ್ಷಗಳ ನಷ್ಟವನ್ನೂ ಖರ್ಚಿಗೆ ಸೇರಿಸಿ.

ಮುಚ್ಚಿಗೆ ಹಾಕುವುದು. ಸಾಮಾನ್ಯವಾಗಿ 30ರಿಂದ 60 ಸೆಂಟಿಮೀಟರ್ ಮರಳು, ಹರಿವು ಜೋರಿದ್ದರೆ ಮೇಲೆ ಕಲ್ಲು. ತಳದಿಂದ ಅಂತರ್ಜಲ ಉಕ್ಕುವ ಜಾಗದಲ್ಲಿ ಬೇಡ. ಕೊಳಚೆ ತುಂಬಿದ ಕೆರೆಯಲ್ಲಿ ಇನ್ನೊಂದು ತೊಂದರೆ: ತಳದಲ್ಲಿ ಕೊಳೆಯುವ ವಸ್ತುವಿನಿಂದ ಮೀಥೇನ್ ಗುಳ್ಳೆ ಏಳುತ್ತದೆ. ಗುಳ್ಳೆ ಮರಳನ್ನು ಸೀಳಿಕೊಂಡು ಬರುವಾಗ ವಿಷವನ್ನೂ ತರುತ್ತದೆ. ಬೆಳಿಗ್ಗೆ ದೋಣಿಯಲ್ಲಿ ನಿಂತು ನೋಡಿ. ಗಳ ಊರಿದ ಕಡೆ ಗುಳ್ಳೆಗಳ ಗೊಂಚಲು ಎದ್ದರೆ ಸಾದಾ ಮರಳಿನ ಮುಚ್ಚಿಗೆಯನ್ನು ಪಟ್ಟಿಯಿಂದ ತೆಗೆಯಿರಿ. ಮುಚ್ಚಿಗೆಗೆ ಪ್ರವಾಹದ ಲೆಕ್ಕವೂ ಬೇಕು. ನ್ಯೂಯಾರ್ಕ್ ರಾಜ್ಯದ ಗ್ರಾಸ್ ನದಿಯಲ್ಲಿ ಪ್ರಯೋಗಕ್ಕೆ ಹಾಕಿದ್ದ ಮುಚ್ಚಿಗೆಯನ್ನು 2003ರಲ್ಲಿ ಮಂಜುಗಡ್ಡೆಯ ಒಡ್ಡಿನಿಂದ ನುಗ್ಗಿದ ನೀರು ಕೊರೆದುಹಾಕಿತು. ನಮ್ಮಲ್ಲಿ ಮಂಜುಗಡ್ಡೆ ಇಲ್ಲ, ಆದರೆ ಕೋಡಿ ಬೀಳುವ ಮಳೆ ಇದೆ.

ಆಕ್ಟಿವೇಟೆಡ್ ಕಾರ್ಬನ್, ಅಂದರೆ ವಿಷ ಹೀರುವಂತೆ ತಯಾರಿಸಿದ ಇದ್ದಿಲು, ಬೆರೆಸುವುದು. ಒಣ ತೂಕದ ಶೇಕಡಾ 2ರಿಂದ 5ರಷ್ಟು ಬೆರೆಸುತ್ತಾರೆ. ಪಿಸಿಬಿ, ಪಿಎಎಚ್ (ಇಂಧನ, ಟಾರು, ಹೊಗೆಯಿಂದ ಬರುವ ರಾಸಾಯನಿಕಗಳು), ಡಿಡಿಟಿಯಂಥ ನೀರಿನಲ್ಲಿ ಕರಗದ ಸಾವಯವ ವಿಷಗಳನ್ನು ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸೀಸ, ಕ್ರೋಮಿಯಂಗೆ ಇದನ್ನು ನೆಚ್ಚಬೇಡಿ. ಒಟ್ಟು ಪ್ರಮಾಣ ಇದರಿಂದ ಇಳಿಯುವುದಿಲ್ಲ, ಜೀವಿಗಳಿಗೆ ಸಿಗುವ ಪ್ರಮಾಣ ಇಳಿಯುತ್ತದೆ. ‘ಶೇಕಡಾ ಎಷ್ಟು ತೆಗೆಯಿತು’ ಎನ್ನುವ ಕಾಲಂನಲ್ಲಿ ಇದಕ್ಕೆ ಸೊನ್ನೆ ಬೀಳುತ್ತದೆ. ಒಳ್ಳೆಯ ಆಯ್ಕೆ ಕೈತಪ್ಪುವುದು ಹೀಗೇ.

ಸಿಮೆಂಟ್, ಸುಣ್ಣ ಬೆರೆಸಿ ಗಟ್ಟಿ ಮಾಡುವುದು. ಲೋಹಗಳಿಗೆ ಅಗ್ಗದ, ಪಳಗಿದ ದಾರಿ. ಆದರೆ ಸಿಮೆಂಟಿನಿಂದ ಪಿಎಚ್ 12 ದಾಟುತ್ತದೆ. ಸೀಸ ಆಮ್ಲದಲ್ಲೂ ಕರಗುತ್ತದೆ, ತೀರಾ ಕ್ಷಾರದಲ್ಲೂ ಕರಗುತ್ತದೆ. ಹಾಗಾಗಿ ಸಿಮೆಂಟ್ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಎನ್ನುವುದು ತಪ್ಪು. ಸಾವಯವ ವಸ್ತು, ಎಣ್ಣೆ ಹೆಚ್ಚಿದ್ದರೆ ಸಿಮೆಂಟ್ ಸರಿಯಾಗಿ ಕೂಡಿಕೊಳ್ಳುವುದೂ ಇಲ್ಲ.

ತೊಳೆದು ಬೇರ್ಪಡಿಸುವುದು. ವಿಷ ಅಂಟಿರುವುದು ಹೆಚ್ಚಾಗಿ ನುಣ್ಣಗಿನ ಕಣಗಳಿಗೆ. ಮರಳನ್ನು ಬೇರೆ ಮಾಡಿದರೆ ವಿಷದ ಹೂಳಿನ ಪ್ರಮಾಣ ಇಳಿಯುತ್ತದೆ. ಜರ್ಮನಿಯ ಹ್ಯಾಂಬರ್ಗ್ ಬಂದರಿನ ಮೆಟಾ ಘಟಕ 1993ರಿಂದ ಎಲ್ಬೆ ನದಿಯ ಹೂಳಿಗೆ ಇದನ್ನೇ ಮಾಡುತ್ತಿದೆ. ಹೂಳಿನಲ್ಲಿ ಮರಳೇ ಹೆಚ್ಚಿದ್ದರೆ ಲಾಭ. ನಿಮ್ಮ ಹೂಳಿನಲ್ಲಿ ನುಣ್ಣಗಿನ ಪಾಲು ಶೇಕಡಾ 70 ಇದ್ದರೆ, ತೊಳೆದ ಮೇಲೂ ಹೆಚ್ಚುಕಮ್ಮಿ ಅಷ್ಟೇ ವಿಷದ ಕೆಸರು ಉಳಿಯುತ್ತದೆ, ಜೊತೆಗೆ ಕೊಳಕು ನೀರು.

ಕಾಯಿಸುವುದು, ಸುಡುವುದು. ಸಾವಯವ ವಿಷಕ್ಕೆ ಇದು ನಿಜವಾದ ನಾಶ. ಸೀಸ, ಕ್ಯಾಡ್ಮಿಯಂ ಸುಟ್ಟರೂ ಇರುತ್ತವೆ, ಬೂದಿಯಲ್ಲೋ ಹೊಗೆಯಲ್ಲೋ. ಪಾದರಸ ಆವಿಯಾಗಿ ಮೇಲೇಳುತ್ತದೆ, ಅದನ್ನು ಹಿಡಿಯುವ ವ್ಯವಸ್ಥೆ ಇಲ್ಲದಿದ್ದರೆ ಊರಿಗೇ ಹರಡುತ್ತದೆ.

ಸೂಕ್ಷ್ಮಜೀವಿಗಳಿಂದ ಕೊಳೆಸುವುದು. ಡೀಸೆಲ್, ಹಗುರ ಪಿಎಎಚ್‌ಗಳಿಗೆ ಸರಿ. ಪಿಸಿಬಿಗೆ ತುಂಬಾ ನಿಧಾನ. ಲೋಹವನ್ನು ಯಾವ ಜೀವಿಯೂ ನಾಶ ಮಾಡುವುದಿಲ್ಲ. ‘ನಮ್ಮ ಬ್ಯಾಕ್ಟೀರಿಯಾ ಪುಡಿ ಭಾರಲೋಹವನ್ನು ತಿಂದುಹಾಕುತ್ತದೆ’ ಎನ್ನುವ ಮಾರಾಟದ ಮಾತು ಕೇಳಿದರೆ ಅಲ್ಲಿಗೇ ನಿಲ್ಲಿಸಿ.

## ಹಂತ 6: ಪ್ರತಿ ಸರಪಳಿಗೂ ತೂಕದ ಲೆಕ್ಕ ಹಾಕಿ

ಜರಡಿಯಲ್ಲಿ ಉಳಿದ ಮೂರು ನಾಲ್ಕು ಆಯ್ಕೆಗಳನ್ನು ಪೂರ್ತಿ ಸರಪಳಿಯಾಗಿ ಬರೆಯಿರಿ. ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಕೊಂಡಿಯಲ್ಲೂ ಮೂರು ಅಂಕಿ: ಒಣ ಘನ ಎಷ್ಟು, ನೀರು ಎಷ್ಟು, ವಿಷ ಎಷ್ಟು. ಒಳಗೆ ಹೋದದ್ದು ಹೊರಗೆ ಬಂದದ್ದಕ್ಕೆ ತಾಳೆಯಾಗಲೇಬೇಕು.

ಒಂದು ಉದಾಹರಣೆ. 1,000 ಟನ್ ಒದ್ದೆ ಹೂಳು, ಅದರಲ್ಲಿ ಘನ ಶೇಕಡಾ 30. ಒಣ ತೂಕ 300 ಟನ್. ಸೀಸ ಒಣ ಕೆಜಿಗೆ 400 ಮಿಲಿಗ್ರಾಂ ಇದ್ದರೆ ಒಟ್ಟು ಸೀಸ 120 ಕೆಜಿ.

ಹಿಟಾಚಿಯಿಂದ ಇದ್ದ ಹಾಗೇ ಎತ್ತಿ, ಬಸಿದು, ಘನವನ್ನು ಶೇಕಡಾ 60ಕ್ಕೆ ತಂದರೆ 500 ಟನ್ ಹಿಂಡಿ (ನೀರು ಬಸಿದು ಉಳಿದ ಗಟ್ಟಿ ಹೂಳು), 500 ಟನ್ ನೀರು. ಅದೇ ಹೂಳನ್ನು ಪಂಪು ಮಾಡಿ ಎಳೆದರೆ ನೀರು ಸೇರಿ ಘನ ಶೇಕಡಾ 10ಕ್ಕೆ ಇಳಿಯಬಹುದು. ಆಗ ಬರುವುದು 3,000 ಟನ್ ತೆಳು ಕೆಸರು. ಹಿಂಡಿ ಅದೇ 500 ಟನ್, ನೀರು ಮಾತ್ರ 2,500 ಟನ್. ಆ ನೀರನ್ನೆಲ್ಲ ಶುದ್ಧ ಮಾಡಿಯೇ ಕೆರೆಗೆ ಬಿಡಬೇಕು. ಪಂಪಿನ ಬಾಡಿಗೆ ಅಗ್ಗ ಎಂದು ಆರಿಸಿದವರಿಗೆ ಖರ್ಚು ಎದುರಾಗುವುದು ಇಲ್ಲಿ.

ಕಾಯಿಸುವ ದಾರಿಗೂ ಇದೇ ನೀರು ಅಡ್ಡಿ. ಒಂದು ಕೆಜಿ ನೀರನ್ನು 20 ಡಿಗ್ರಿಯಿಂದ ಕಾಯಿಸಿ ಆವಿ ಮಾಡಲು ಸುಮಾರು 2,590 ಕಿಲೋಜೂಲ್ ಬೇಕು. ಶೇಕಡಾ 70 ನೀರಿರುವ ಹೂಳನ್ನು ಹಾಗೇ ಒಲೆಗೆ ಹಾಕಿದರೆ, ಒಂದು ಒಣ ಟನ್‌ಗೆ ನೀರು ಓಡಿಸಲೇ ಸುಮಾರು 1,680 ಯೂನಿಟ್ ಶಾಖ (ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್). ಬಸಿದು ನೀರನ್ನು ಶೇಕಡಾ 40ಕ್ಕೆ ತಂದರೆ ಸುಮಾರು 480 ಯೂನಿಟ್. ವಿಷವನ್ನು ಕಾಯಿಸುವ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ದರದ ಬಲೆ ಒಂದಿದೆ. ಒಬ್ಬರು ಒದ್ದೆ ಟನ್‌ಗೆ 3,000 ರೂಪಾಯಿ ಹೇಳುತ್ತಾರೆ, ಇನ್ನೊಬ್ಬರು ಒಣ ಟನ್‌ಗೆ 8,000 ಹೇಳುತ್ತಾರೆ ಎಂದುಕೊಳ್ಳಿ. ಘನ ಶೇಕಡಾ 30 ಇದ್ದರೆ ಮೊದಲಿನವರ ದರ ಒಣ ಟನ್‌ಗೆ 10,000 ಆಗುತ್ತದೆ. ಅಗ್ಗ ಯಾವುದು ಅಂತ ಈಗ ಹೇಳಿ. ಎಲ್ಲ ದರವನ್ನೂ ಒಣ ಟನ್‌ಗೆ ಇಳಿಸಿದ ಮೇಲೆಯೇ ಪಕ್ಕಪಕ್ಕ ಇಡಿ.

## ಹಂತ 7: ಸಣ್ಣ ಪ್ರಯೋಗ, ಆಮೇಲೆ ಪೈಲಟ್

ಮೊದಲು ಬಕೆಟ್ ಪ್ರಮಾಣದಲ್ಲಿ, ನಿಮ್ಮದೇ ಹೂಳಿನ ಮೇಲೆ. ಬೇರೆ ಊರಿನ ಫಲಿತಾಂಶ ಇಲ್ಲಿ ನಡೆಯುವುದಿಲ್ಲ. ಅತಿ ಹೆಚ್ಚು ವಿಷದ ಮಾದರಿ, ಮಧ್ಯಮದ್ದು, ಅತಿ ನುಣ್ಣಗಿನದ್ದು, ಮೂರನ್ನೂ ಕೊಡಿ. ಮಾರಾಟಗಾರರು ಮಾದರಿ ಆರಿಸಲು ಬಿಡಬೇಡಿ. ಏನೂ ಬೆರೆಸದ ಒಂದು ಬಕೆಟ್ ಪಕ್ಕದಲ್ಲಿ ಇರಲಿ.

ಒಣಗಿಸುವ ಪ್ರಯೋಗವನ್ನು ತಪ್ಪದೆ ಮಾಡಿ. ಒಂದು ತಟ್ಟೆ ಹೂಳನ್ನು ಗಾಳಿಗೆ ಇಟ್ಟು ದಿನಾ ಪಿಎಚ್ ನೋಡಿ. ಇಳಿಯುತ್ತಾ ಹೋದರೆ, ಮೇಲೆ ಹಳದಿ ಅಥವಾ ತುಕ್ಕಿನ ಬಣ್ಣದ ಪೊರೆ ಬಂದರೆ, ದಡದಲ್ಲಿ ಬಯಲಲ್ಲಿ ಒಣಗಿಸುವ ಯೋಜನೆ ಅಪಾಯ. ಮೊದಲ ಮಳೆಗೇ ಲೋಹ ಕರಗಿ ಹರಿಯುತ್ತದೆ. ಆರ್ಸೆನಿಕ್‌ನದ್ದು ಉಲ್ಟಾ ನಡವಳಿಕೆ: ಗಾಳಿ ಇಲ್ಲದ ಕಡೆ ಕಬ್ಬಿಣದ ಹಿಡಿತ ಬಿಟ್ಟು ಕರಗುತ್ತದೆ. ಎರಡೂ ಇರುವ ಹೂಳಿಗೆ ಎರಡೂ ಸ್ಥಿತಿಯ ಪರೀಕ್ಷೆ ಬೇಕು.

ಆಮೇಲೆ ಪೈಲಟ್, ಅಂದರೆ ಕೆರೆಯ ಒಂದು ಭಾಗದಲ್ಲಿ ಮಾಡುವ ದೊಡ್ಡ ಪ್ರಯೋಗ. ಅದರಲ್ಲಿ ಮಳೆಗಾಲ ಒಂದು ಬರಲಿ. ಬೇಸಿಗೆಯಲ್ಲಿ ಮಾಡಿದ ಪೈಲಟ್ ನೀರು ಬಸಿಯುವ ಚೀಲಗಳ ಬಗ್ಗೆ ಒಳ್ಳೆಯ ಮಾತನ್ನೇ ಹೇಳುತ್ತದೆ.

## ಹಂತ 8: ಹೋಲಿಕೆ ಪಟ್ಟಿ ತುಂಬಿ

ಈಗ ಪಟ್ಟಿಗೆ ಅರ್ಥವಿದೆ. ಸಾಲಿನಲ್ಲಿ ಸರಪಳಿಗಳು. ಕಾಲಂಗಳು ಇವು: ಹಂತ 3ರ ಗುರಿ ಮುಟ್ಟುತ್ತದಾ, ಎಷ್ಟು ವರ್ಷ ಬೇಕು, ಕೆಲಸದ ವೇಳೆ ಎಷ್ಟು ವಿಷ ನೀರಿಗೆ, ಗಾಳಿಗೆ ಹೋಗುತ್ತದೆ, ಏನು ಉಳಿಯುತ್ತದೆ, ಅದನ್ನು ಯಾರು ಎಷ್ಟು ಕಾಲ ಕಾಯಬೇಕು, ಒಣ ಟನ್‌ಗೆ ಪೂರ್ತಿ ಖರ್ಚು, ಯಾವ ಊರಿನ ರಸ್ತೆಯಲ್ಲಿ ದಿನಕ್ಕೆ ಎಷ್ಟು ಟಿಪ್ಪರ್ ಓಡುತ್ತವೆ. ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಆ ರಸ್ತೆಯ ಜನರನ್ನು ಮೊದಲೇ ಕೇಳಿ. ಧೂಳು ಕುಡಿಯುವವರು ಅವರು.

ಅಂಕ ಕೊಟ್ಟು ಕೂಡಿಸುವ ಪದ್ಧತಿಯಲ್ಲಿ ಹುಷಾರು. ಗುರಿ ಮುಟ್ಟದ ಸರಪಳಿ ಉಳಿದ ಕಾಲಂಗಳಲ್ಲಿ ಅಂಕ ಗಳಿಸಿ ಮೊದಲ ಸ್ಥಾನಕ್ಕೆ ಬಂದುಬಿಡಬಹುದು. ಗುರಿ ಮುಟ್ಟದ್ದನ್ನು ಮೊದಲೇ ಹೊರಗಿಡಿ, ಉಳಿದವಕ್ಕೆ ಮಾತ್ರ ಅಂಕ. ಇಡೀ ಕೆರೆಗೆ ಒಂದೇ ಉತ್ತರ ಇರಲೇಬೇಕು ಎಂದೂ ಇಲ್ಲ. ಒಳಹರಿವಿನ ಬಾಯಿಯ ತೀವ್ರ ವಿಷದ ಹೂಳನ್ನು ಎತ್ತಿ ಗಟ್ಟಿ ಮಾಡಿ ಭೂಭರ್ತಿಗೆ ಕಳಿಸಿ, ಉಳಿದ ಕಡೆ ನಿಗಾ ಇಡುವುದು, ಇಡೀ ಕೆರೆಗೆ ಈ ಎರಡರಲ್ಲಿ ಒಂದನ್ನೇ ಮಾಡುವುದಕ್ಕಿಂತ ಎಷ್ಟೋ ಸಲ ಒಳ್ಳೆಯ ಸರಪಳಿ.

## ಹಂತ 9: ನಿಲ್ಲಿಸುವ ಗುರುತುಗಳನ್ನು ಮೊದಲೇ ಬರೆಯಿರಿ

ಕೆಲಸ ಶುರುವಾದ ಮೇಲೆ ಯಾರೂ ನಿಲ್ಲಿಸಲು ಒಪ್ಪುವುದಿಲ್ಲ. ಹಾಗಾಗಿ ಟೆಂಡರ್‌ನಲ್ಲೇ ಇರಲಿ: ಕೆಳಹರಿವಿನ ನೀರಿನಲ್ಲಿ ಕರಗಿದ ಲೋಹ ಇಷ್ಟು ದಾಟಿದರೆ ಕೆಲಸ ನಿಲ್ಲಬೇಕು, ಮೀನು ಸಾಯತೊಡಗಿದರೆ ನಿಲ್ಲಬೇಕು, ಸಂಸ್ಕರಿಸಿದ ಹಿಂಡಿ ಸೋರಿಕೆ ಪರೀಕ್ಷೆಯಲ್ಲಿ ಸತತ ಎರಡು ಸಲ ಸೋತರೆ ನಿಲ್ಲಬೇಕು. ನೀರಿನ ಬಗ್ಗಡವನ್ನು ಮೀಟರ್‌ನಿಂದ ದಿನವಿಡೀ ಅಳೆಯಿರಿ. ಆದರೆ ನೀರು ತಿಳಿಯಾಗಿ ಕಂಡರೂ ಕರಗಿದ ವಿಷ ಹೋಗುತ್ತಿರಬಹುದು, ಅದಕ್ಕೆ ಮಾದರಿಯನ್ನು ಲ್ಯಾಬ್‌ಗೆ ಕಳಿಸಲೇಬೇಕು.

ತೋಡಿದ ಮೇಲೆ ತಳದಲ್ಲಿ ತೆಳ್ಳಗಿನ ಕೆಸರು ಮತ್ತೆ ಕೂರುತ್ತದೆ, ಅದರಲ್ಲಿ ವಿಷ ಇರುತ್ತದೆ. ಗುತ್ತಿಗೆದಾರರು ‘ಇಷ್ಟು ಆಳ ತೋಡಿದೆವು’ ಎಂದು ಬಿಲ್ ಕೊಡುತ್ತಾರೆ. ಬಿಲ್ ಪಾಸ್ ಮಾಡುವ ಮೊದಲು ಹೊಸ ಮೇಲ್ಪದರದ 10 ಸೆಂಟಿಮೀಟರ್ ಮಾದರಿ ತೆಗೆಸಿ, ಹಂತ 3ರ ಅಂಕಿಯ ಜೊತೆ ಇಟ್ಟು ನೋಡಿ. ಮೀರಿದ್ದರೆ ಮತ್ತೆ ತೋಡುವುದೋ, ತೆಳು ಮರಳಿನ ಹೊದಿಕೆ ಹಾಕುವುದೋ, ಅದರ ಖರ್ಚು ಯಾರದು ಎನ್ನುವುದೂ ಟೆಂಡರ್‌ನಲ್ಲೇ ಇರಬೇಕು.